ಗಡಸಾದ ರಬ್ಬರು ಬೇಗ ಹರಿಯುವುದೇಕೆ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಮೋಲ್ಡಿಂಗ್ ಘಟಕವಿದೆ. ಬುಷ್ (ಯಂತ್ರಭಾಗಗಳ ನಡುವೆ ಕೂರಿಸುವ ರಬ್ಬರಿನ ಕೊಳವೆ) ಮಾಡಲು 100 ಭಾಗ ನೈಸರ್ಗಿಕ ರಬ್ಬರಿಗೆ 70 ಭಾಗ ಎನ್ 330 ದರ್ಜೆಯ ಕಾರ್ಬನ್ ಬ್ಲ್ಯಾಕ್ (ರಬ್ಬರಿಗೆ ಬಲ ಕೊಡುವ ನುಣ್ಣನೆಯ ಇಂಗಾಲದ ಪುಡಿ), 20 ಭಾಗ ಎಣ್ಣೆ ಹಾಕುತ್ತೇವೆ. ಗಡಸುತನ ಶೋರ್ ಎ ಅಳತೆಯಲ್ಲಿ 65 ಬರುತ್ತದೆ, ಆದರೆ ಎಳೆದರೆ ಬೇಗ ಹರಿಯುತ್ತದೆ. ಬಲವೂ ಹಿಗ್ಗೂ ಎರಡೂ ಹೆಚ್ಚಬೇಕಾದರೆ ಏನು ಮಾಡಬೇಕು?

ಉತ್ತರ: ಬ್ಲ್ಯಾಕ್, ಎಣ್ಣೆ ಎರಡನ್ನೂ ಇಳಿಸಿ. ಎರಡು ಭಾಗ ಬ್ಲ್ಯಾಕ್ ಸುಮಾರು ಒಂದು ಅಂಶ ಗಡಸುತನ ಏರಿಸಿದರೆ, ಎರಡು ಭಾಗ ಎಣ್ಣೆ ಅಷ್ಟೇ ಇಳಿಸುತ್ತದೆ. ಹಾಗಾಗಿ 50 ಭಾಗ ಬ್ಲ್ಯಾಕ್, 3 ಭಾಗ ಎಣ್ಣೆಯಲ್ಲೂ ನಿಮಗೆ ಹೆಚ್ಚುಕಡಿಮೆ ಅದೇ ಗಡಸುತನ ಸಿಗುತ್ತದೆ. ನೈಸರ್ಗಿಕ ರಬ್ಬರಿನ ನಿಜವಾದ ಬಲ ಅದರ ಉದ್ದನೆಯ ಅಣುಸರಪಳಿಗಳಲ್ಲೇ ಇದೆ: ಎಳೆದಾಗ ಅವು ಸಾಲುಗಟ್ಟಿ ಹರಳಾಗಿ, ಬಿರುಕು ಮುಂದೆ ಹೋಗದಂತೆ ತಡೆಯುತ್ತವೆ. ಬ್ಲ್ಯಾಕ್ ಅತಿಯಾದರೆ ಹಿಗ್ಗಬೇಕಾದ ರಬ್ಬರಿನ ಪಾಲೇ ಕಡಿಮೆಯಾಗುತ್ತದೆ.

ಇನ್ನು ಮಿಲ್, ಅಂದರೆ ಎರಡು ರೋಲುಗಳ ನಡುವೆ ರಬ್ಬರು ಕಲಸುವ ಯಂತ್ರ. ಹೆಚ್ಚಿನ ಘಟಕಗಳಲ್ಲಿ ಕೆಲಸ ಕೆಡುವುದು ಇಲ್ಲೇ. ಬ್ಲ್ಯಾಕ್ ಒಳಸೇರುವ ಮೊದಲೇ ಎಣ್ಣೆ ಸುರಿದರೆ ರಬ್ಬರು ಮೆತ್ತಗಾಗಿ, ರೋಲುಗಳ ನಡುವೆ ಬ್ಲ್ಯಾಕಿನ ಗಂಟುಗಳು ಒಡೆಯುವುದಿಲ್ಲ. ಒಡೆಯದ ಪ್ರತಿ ಗಂಟೂ ಬಿರುಕು ಶುರುವಾಗುವ ಜಾಗ. ರೋಲುಗಳಿಗೆ ತಣ್ಣೀರು ಹರಿಸಿ ರಬ್ಬರನ್ನು ಹದಕ್ಕೆ ತನ್ನಿ (ಅತಿಯಾಗಿ ಮಿಲ್ ಮಾಡಿದರೆ ಸರಪಳಿಗಳೇ ತುಂಡಾಗುತ್ತವೆ). ಜಿಂಕ್ ಆಕ್ಸೈಡ್ 5 ಭಾಗ, ಸ್ಟಿಯರಿಕ್ ಆಮ್ಲ 2 ಭಾಗ ಹಾಕಿ. ಬ್ಲ್ಯಾಕನ್ನು ಮೂರ್ನಾಲ್ಕು ಕಂತಿನಲ್ಲಿ ಸೇರಿಸಿ, ಎಣ್ಣೆಯನ್ನು ಕೊನೆಯ ಕಂತಿನೊಂದಿಗೆ ಕೊಡಿ. ಶೀಟನ್ನು ಬ್ಲೇಡಿನಿಂದ ಕತ್ತರಿಸಿ, ಕತ್ತರಿಸಿದ ಮುಖವನ್ನು ಭೂತಗನ್ನಡಿಯಲ್ಲಿ ನೋಡಿ. ಕಾಳು ಕಾಳಾಗಿ ಕಂಡರೆ ರೋಲುಗಳ ಅಂತರ ಬಿಗಿ ಮಾಡಿ ಮತ್ತೆ ಹಾಯಿಸಿ. ಸರಪಳಿಗಳನ್ನು ಬೆಸೆಯುವ ಗಂಧಕ 2.5, ಆ ಬೆಸುಗೆಯನ್ನು ಚುರುಕುಗೊಳಿಸುವ ಸಿಬಿಎಸ್ ಎಂಬ ಆಕ್ಸಿಲರೇಟರ್ 0.6 ಭಾಗ ಕಟ್ಟಕಡೆಗೆ, ಮಿಶ್ರಣ 100 ಡಿಗ್ರಿಗಿಂತ ಸಾಕಷ್ಟು ತಣ್ಣಗಿರುವಾಗ ಹಾಕಿ.

ಬೇಗ ಮುಗಿಯಲೆಂದು, ಬುಷ್ ಅಚ್ಚೊತ್ತಿ ಬಲಿಸುವ ಪ್ರೆಸ್ಸನ್ನು 170 ಡಿಗ್ರಿಗೆ ಇಡಬೇಡಿ. ಆ ಬಿಸಿಗೆ ಗಂಧಕದ ಬಂಧಗಳು ಬೇಗನೆ ಕಳಚತೊಡಗಿ ಬಲ ಇಳಿಯುತ್ತದೆ. 150 ಡಿಗ್ರಿ ಸಾಕು. ಹೊತ್ತನ್ನು ರಿಯೋಮೀಟರ್ (ರಬ್ಬರು ಬಲಿಯುವ ವೇಗ ಅಳೆಯುವ ಯಂತ್ರ) ನೋಡಿ ನಿಗದಿಪಡಿಸಿ, ದಪ್ಪ ಬುಷ್‌ಗೆ ಒಂದಷ್ಟು ಹೆಚ್ಚು ಕೊಡಿ. ಎಲ್ಲ ಸರಿಯಾಗಿದ್ದರೆ ಪರೀಕ್ಷೆಗೆ ಕತ್ತರಿಸಿದ ಡಂಬೆಲ್ ಆಕಾರದ ತುಂಡು 25 ಮೆಗಾಪ್ಯಾಸ್ಕಲ್ ಆಸುಪಾಸಿನ ಎಳೆತ ತಡೆದು, ಶೇ 450ರಷ್ಟಾದರೂ ಹಿಗ್ಗಬೇಕು. ಹಳೇ ರಬ್ಬರಿನ ಪುಡಿ ಬೆರೆಸುತ್ತಿದ್ದರೆ ಈ ಅಂಕಿಯ ಆಸೆ ಬಿಡಿ.

ಪ್ರಶ್ನೆ: ಬಣ್ಣದ ಮಾಲಿಗೆ ಬ್ಲ್ಯಾಕ್ ಬದಲು 40 ಭಾಗ ಸಿಲಿಕಾ ಹಾಕಿದೆವು. ಕ್ಯೂರ್ ಆಗುವುದು (ಬಲಿಯುವುದು) ತಡ, ಮಾಲೂ ಮೆತ್ತಗೆ. ಏಕೆ?

ಉತ್ತರ: ಸಿಲಿಕಾದ ಮೇಲ್ಮೈ ಆಕ್ಸಿಲರೇಟರನ್ನು ಹೀರಿಕೊಳ್ಳುತ್ತದೆ. 2 ಭಾಗ ಡೈಎಥಿಲೀನ್ ಗ್ಲೈಕಾಲ್ ಹಾಕಿದರೆ ಆ ತೊಂದರೆ ತಗ್ಗುತ್ತದೆ. ಬಲ ಬೇಕಿದ್ದರೆ ಸಿಲಿಕಾದ ತೂಕದ ಶೇ 8ರಷ್ಟು, ಅಂದರೆ ಸುಮಾರು 3 ಭಾಗ, ಗಂಧಕಯುಕ್ತ ಸಿಲೇನ್ (ಸಿಲಿಕಾವನ್ನು ರಬ್ಬರಿಗೆ ಬೆಸೆಯುವ ರಾಸಾಯನಿಕ) ಬೇಕೇ ಬೇಕು. ಅದು ಸಿಲಿಕಾಕ್ಕೆ ಕಚ್ಚಿಕೊಳ್ಳಲು 140–150 ಡಿಗ್ರಿ ಬಿಸಿ ಬೇಕು. ತೆರೆದ ಮಿಲ್‌ನಲ್ಲಿ ಅಷ್ಟು ಬಿಸಿ ಏರದು, ಮುಚ್ಚಿದ ಕಲಸುಯಂತ್ರವಾದ ನೀಡರ್‌ನಲ್ಲೇ ಕಲಸಿ. ಆದರೆ 160 ದಾಟಲು ಬಿಟ್ಟರೆ ಸಿಲೇನ್‌ನಲ್ಲಿರುವ ಗಂಧಕವೇ ರಬ್ಬರನ್ನು ನೀಡರ್‌ನೊಳಗೇ ಬಲಿಸಿಬಿಡುತ್ತದೆ.