ಕಡಲ ತಡಿಯ ಕಂಪ್ಯೂಟರು: ಅಂಕೋಲೆಯ ಓದುಗರಿಗೆ ಸಂಪಾದಕರ ಉತ್ತರ

ಪ್ರಿಯ ಸಹೋದರಿ,

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ನಿಮ್ಮ ಪತ್ರ ಪೂರ್ತಿ ಅಚ್ಚು ಹಾಕಲು ಜಾಗ ಸಾಲದು. ಉಳಿದ ಓದುಗರಿಗಾಗಿ ಅದರಲ್ಲಿರುವುದನ್ನು ನಾಲ್ಕು ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತೇನೆ.

ನೀವು ಅಂಕೋಲೆ ಹತ್ತಿರ ಸಣ್ಣ ಡಿಟಿಪಿ, ಝೆರಾಕ್ಸ್ ಅಂಗಡಿ ನಡೆಸುತ್ತೀರಿ. ಅಂಗಡಿಯಿಂದ ಸಮುದ್ರಕ್ಕೆ ನಡೆದೇ ಹೋಗಬಹುದು. ಹೋದ ವರ್ಷ ಕೊಂಡ ಲ್ಯಾಪ್‌ಟಾಪ್ ಈ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಆನ್ ಆಗಲಿಲ್ಲ. ಹಿಂದಿನ ಸಂಜೆ ಸರಿಯಾಗಿಯೇ ಇತ್ತು. ಹುಬ್ಬಳ್ಳಿಯ ಸರ್ವಿಸ್ ಸೆಂಟರಿಗೆ ಒಯ್ದರೆ, 'ನೀರು ಬಿದ್ದಿದೆ, ವಾರಂಟಿ ಸಿಗುವುದಿಲ್ಲ, ಮದರ್‌ಬೋರ್ಡು ಬದಲಿಸಬೇಕು' ಅಂದರು. ಹೇಳಿದ ದುಡ್ಡಿಗೆ ಇನ್ನೊಂದು ಹಳೇ ಲ್ಯಾಪ್‌ಟಾಪೇ ಬರುತ್ತದೆ. ಅದರ ಜೊತೆಗೆ ಮಳೆ ಬಂದಾಗ ಮಾತ್ರ ಪೇಪರ್ ಕಚ್ಚಿಕೊಳ್ಳುವ ಪ್ರಿಂಟರು, ಮುಟ್ಟಿದರೆ ಜುಮ್ ಅನ್ನುವ ಸಿಪಿಯು, ಎರಡು ನಿಮಿಷವೂ ನಿಲ್ಲದ ಯುಪಿಎಸ್. ಕೊನೆಗೆ ಕೇಳಿದ್ದೀರಿ: 'ನಮ್ಮಂಥವರಿಗೆ ಇವನ್ನೆಲ್ಲ ಬಳಸಲು ಬರುವುದಿಲ್ಲವೇನೋ. ತಪ್ಪು ನಮ್ಮದೇ ಇರಬೇಕು, ಅಲ್ವಾ?'

ಅಲ್ಲ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಬೇಸರ ತಂದದ್ದು ಕೆಟ್ಟ ಬೋರ್ಡಲ್ಲ, ಈ ಸಾಲು. ಮಾರಿದವರು ಹೊರಬೇಕಾದ ಹೊರೆಯನ್ನು ನೀವು ತಲೆ ಮೇಲೆ ಹೊತ್ತುಕೊಂಡು ಓಡಾಡುತ್ತಿದ್ದೀರಿ. ಮೊದಲು ಅದನ್ನು ಇಳಿಸಿ.

ಆ ರಾತ್ರಿ ಏನಾಗಿರಬಹುದು ಅಂತ ಹೇಳುತ್ತೇನೆ. ನಿಮ್ಮ ಅಡುಗೆಮನೆಯ ಉಪ್ಪಿನ ಭರಣಿ ನೋಡಿ. ಬೇಸಿಗೆಯಲ್ಲಿ ಉದುರು ಉದುರಾಗಿರುವ ಉಪ್ಪು ಆಷಾಢದಲ್ಲಿ ನೀರು ಬಿಟ್ಟುಕೊಂಡು ಕೂತಿರುತ್ತದೆ. ಮುಚ್ಚಳ ಸ್ವಲ್ಪ ಸಡಿಲ ಇದ್ದರೆ ಸಾಕು. ಭರಣಿಗೆ ಯಾರೂ ನೀರು ಹಾಕಿಲ್ಲ. ಗಾಳಿಯ ತೇವಾಂಶ ಶೇ. 75 ದಾಟಿದರೆ ಉಪ್ಪು ತಾನಾಗಿಯೇ ಗಾಳಿಯಲ್ಲಿರುವ ನೀರನ್ನು ಹೀರಿ ಕರಗಲು ಶುರು ಮಾಡುತ್ತದೆ. ಸಾಣಿಕಟ್ಟೆಯ ಆಗರದ ಉಪ್ಪಾದರೂ ಅಷ್ಟೆ, ಅಂಗಡಿಯ ಪ್ಯಾಕೆಟ್ ಉಪ್ಪಾದರೂ ಅಷ್ಟೆ. ನಮ್ಮ ಕರಾವಳಿಯಲ್ಲಿ ಜುಲೈ ತಿಂಗಳಲ್ಲಿ ತೇವಾಂಶ ಶೇ. 90ರ ಆಸುಪಾಸು ನಿಲ್ಲುವುದು ಮಾಮೂಲಿ.

ಈಗ ಲ್ಯಾಪ್‌ಟಾಪಿಗೆ ಬನ್ನಿ. ಒಳಗೊಂದು ಸಣ್ಣ ಫ್ಯಾನ್ ಇದೆ. ಅದು ದಿನವಿಡೀ ಹೊರಗಿನ ಗಾಳಿ ಎಳೆದುಕೊಳ್ಳುತ್ತದೆ. ಕಡಲ ಕಡೆಯಿಂದ ಬರುವ ಆ ಗಾಳಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಉಪ್ಪಿನ ಕಣ ಇರುತ್ತದೆ. ಧೂಳಿನ ಜೊತೆ ಅದೂ ಬೋರ್ಡಿನ ಮೇಲೆ ಕೂರುತ್ತದೆ. ಯಂತ್ರ ನಡೆಯುತ್ತಿರುವಾಗ ಒಳಗೆ ಬಿಸಿ ಇರುವುದರಿಂದ ಒಣಗಿಯೇ ಇರುತ್ತದೆ. ರಾತ್ರಿ ಆರಿಸಿ, ಬಾಗಿಲು ಹಾಕಿ ನೀವು ಮನೆಗೆ ಹೋದ ಮೇಲೆ ಎಲ್ಲ ತಣ್ಣಗಾಗುತ್ತದೆ. ಆಗ ಆ ಧೂಳು ತೇವ ಹೀರಿಕೊಂಡು ಉಪ್ಪುನೀರಿನ ತೆಳು ಪದರ ಆಗುತ್ತದೆ. ಉಪ್ಪುನೀರು ಕರೆಂಟು ಹಾಯಿಸುತ್ತದೆ, ತಾಮ್ರವನ್ನೂ ತಿನ್ನುತ್ತದೆ. ಕೂದಲಿನಷ್ಟು ಸಣ್ಣ ಎರಡು ಗೆರೆಗಳ ನಡುವೆ ಹಸಿರು ಕಿಲುಬು ಕಟ್ಟಿದರೆ ಮುಗಿಯಿತು. ಸಂಜೆ ಸರಿ ಇದ್ದದ್ದು ಬೆಳಿಗ್ಗೆ ಸತ್ತಿರುವುದು ಹೀಗೆ.

ಸರ್ವಿಸ್ ಸೆಂಟರಿನವರು ಮುಚ್ಚಳ ತೆಗೆದಾಗ ಕಾಣುವುದು ಈ ಹಸಿರು ಕಿಲುಬು. ಅದನ್ನು ನೋಡಿ 'ನೀರು ಬಿದ್ದಿದೆ' ಅಂತ ಬರೆದುಬಿಡುತ್ತಾರೆ. ಆದರೆ ಚಹಾ ಚೆಲ್ಲಿದ ಯಂತ್ರಕ್ಕೂ ಗಾಳಿಯ ಉಪ್ಪು ತಿಂದ ಯಂತ್ರಕ್ಕೂ ವ್ಯತ್ಯಾಸ ಇದೆ. ಚೆಲ್ಲಿದ್ದಾದರೆ ಸಾಮಾನ್ಯವಾಗಿ ಕೀಬೋರ್ಡಿನಿಂದ ಕೆಳಗೆ ಇಳಿದ ಕಲೆ ಒಂದು ಕಡೆ ಒಟ್ಟಾಗಿ ಕಾಣುತ್ತದೆ. ಗಾಳಿಯಿಂದ ಬಂದದ್ದು ಫ್ಯಾನಿನ ದಾರಿಯಲ್ಲಿ, ಯುಎಸ್‌ಬಿ ತೂತುಗಳ ಸುತ್ತ, ಅಲ್ಲಲ್ಲಿ ಚದುರಿರುತ್ತದೆ. ಒಳಗೆ ಅಂಟಿಸಿರುವ ಸಣ್ಣ ಬಿಳಿ ಸ್ಟಿಕ್ಕರ್ ನೀರು ತಾಗಿದರೆ ಕೆಂಪಾಗುತ್ತದೆ ನಿಜ. ಆ ಒಂದು ಸ್ಟಿಕ್ಕರನ್ನೇ ಸಾಕ್ಷಿ ಮಾಡಿಕೊಂಡು ಗಿರಾಕಿಯನ್ನು ವಾಪಸ್ ಕಳಿಸುವುದು ಅನ್ಯಾಯ.

ನನಗೆ ಸಿಟ್ಟು ಬರುವುದು ಯಾಕೆಂದರೆ, ತಯಾರಿಸುವವರಿಗೆ ಇದು ಗೊತ್ತಿಲ್ಲದ ವಿಷಯ ಅಲ್ಲ. ಬೋರ್ಡಿನ ಮೇಲೆ ತೆಳುವಾಗಿ ವಾರ್ನಿಷ್‌ನಂಥ ಲೇಪ ಬಳಿದರೆ ತೇವ, ಉಪ್ಪು ಸುಲಭಕ್ಕೆ ತಾಗುವುದಿಲ್ಲ. ವಾಹನಗಳಲ್ಲಿರುವ ಎಲೆಕ್ಟ್ರಾನಿಕ್ ಬೋರ್ಡುಗಳಿಗೆ, ಎಷ್ಟೋ ಎಸಿಗಳ ಹೊರಘಟಕದ ಬೋರ್ಡಿಗೆ ಇದನ್ನು ಮಾಡುತ್ತಾರೆ. ಕಾರವಾರದ ಬೈತಖೋಲ್ ಬಂದರಿನ ಪಕ್ಕ ವರ್ಷಗಟ್ಟಲೆ ಮಳೆಯಲ್ಲೇ ನಿಲ್ಲುವ ಕಾರು ಸ್ಟಾರ್ಟ್ ಆಗುತ್ತದೆ, ಅದೇ ಬೀದಿಯ ಮನೆಯೊಳಗೆ ಮೇಜಿನ ಮೇಲಿರುವ ಲ್ಯಾಪ್‌ಟಾಪ್ ಸಾಯುತ್ತದೆ. ಮೊಬೈಲಿನ ಕಥೆ ಇನ್ನೂ ಬೇಸರದ್ದು. ಐಪಿ68, ನೀರಿಗೆ ಜಗ್ಗುವುದಿಲ್ಲ ಎಂದು ದೊಡ್ಡದಾಗಿ ಜಾಹೀರಾತು ಕೊಡುತ್ತಾರೆ. ಆ ಪರೀಕ್ಷೆ ಮಾಡುವುದು ಸಿಹಿನೀರಿನಲ್ಲಿ. ವಾರಂಟಿ ಕಾಗದದ ಸಣ್ಣ ಅಕ್ಷರದಲ್ಲಿ ಮಾತ್ರ ನೀರಿನಿಂದಾದ ಹಾನಿ ಸೇರುವುದಿಲ್ಲ ಎಂದಿರುತ್ತದೆ.

ಈಗ ನೀವು ಮಾಡಬೇಕಾದ್ದು. ಸರ್ವಿಸ್ ಸೆಂಟರಿನಿಂದ ಜಾಬ್ ಶೀಟ್, ಅಂದರೆ ಯಂತ್ರ ನೋಡಿ ಅವರು ಕಂಡದ್ದನ್ನು ಬರೆಯುವ ಕಾಗದ, ತೆಗೆದುಕೊಳ್ಳಿ. 'ನೀರು ಬಿದ್ದಿದೆ' ಅಂತ ಬಾಯಲ್ಲಿ ಹೇಳಿದರೆ ಸಾಲದು, ಬರೆದುಕೊಡಬೇಕು. ಎಲ್ಲಿ ಬಿದ್ದಿದೆ ಎಂದು ಬೋರ್ಡಿನ ಫೋಟೋ ಕೇಳಿ. ಕೊಡುವುದಿಲ್ಲ ಅಂದರೆ ಇಮೇಲ್‌ನಲ್ಲಿ ಕೇಳಿ, ಆಗ ನೀವು ಕೇಳಿದ್ದಕ್ಕೆ ದಾಖಲೆ ಉಳಿಯುತ್ತದೆ. ಬಿಲ್ಲು, ವಾರಂಟಿ ಕಾಗದ, ಈ ಇಮೇಲ್ ಮೂರನ್ನೂ ಒಂದೇ ಕಡೆ ಇಡಿ. ಆಮೇಲೆ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿ ದೂರು ದಾಖಲಾದ ಮೇಲೆ ಎಷ್ಟೋ ಸಲ ಕಂಪನಿಯ ಮಾತಿನ ಧಾಟಿಯೇ ಬದಲಾಗುತ್ತದೆ.

ಅದರಿಂದಲೂ ಆಗದಿದ್ದರೆ ಕಾರವಾರದಲ್ಲಿ ಜಿಲ್ಲಾ ಗ್ರಾಹಕ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಪನಿಯ ಕಚೇರಿ ಬೆಂಗಳೂರಲ್ಲಿರಲಿ, ದಿಲ್ಲಿಯಲ್ಲಿರಲಿ, ಅವರೇ ಇಲ್ಲಿಗೆ ಬರಬೇಕು. ಕೊಂಡ ವಸ್ತುವಿನ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ವಕೀಲರು ಇರಲೇಬೇಕೆಂದಿಲ್ಲ. ತೊಂದರೆ ಆದ ದಿನದಿಂದ 2 ವರ್ಷದೊಳಗೆ ದೂರು ಕೊಡಬೇಕು ಎಂಬುದೊಂದು ನೆನಪಿರಲಿ. ದೋಷ ಇದೆಯೋ ಇಲ್ಲವೋ ಎಂದು ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರ ಆಯೋಗಕ್ಕಿದೆ. ಗಾಳಿಯ ಉಪ್ಪೋ, ಚೆಲ್ಲಿದ ನೀರೋ ಎಂಬ ತಕರಾರಿಗೆ ಇದು ಸರಿಯಾದ ದಾರಿ.

ಇನ್ನೊಂದು ಮಾತು ನಿಮಗಾಗಿಯೇ ಹೇಳಬೇಕು. 'ನೀವು ಅಂಗಡಿಗೆಂದು ಕೊಂಡಿದ್ದೀರಿ, ವ್ಯಾಪಾರಕ್ಕೆ ಬಳಸಿದರೆ ಗ್ರಾಹಕರಾಗುವುದಿಲ್ಲ' ಎಂದು ಎದುರಿನವರು ವಾದ ಮಾಡಬಹುದು. ಹೆದರಬೇಡಿ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವುದಕ್ಕಾಗಿಯೇ ಕೊಂಡ ವಸ್ತು ಆ ವಾದದಿಂದ ಹೊರಗೆ ಎಂದು ಅದೇ ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ನೀವೊಬ್ಬರೇ ಕೂತು ಲಗ್ನಪತ್ರಿಕೆ, ಅರ್ಜಿ ಟೈಪ್ ಮಾಡಿ ಬದುಕುವ ಅಂಗಡಿ ನಿಮ್ಮದು. ದೂರಿನಲ್ಲಿ ಈ ಮಾತನ್ನು ಮರೆಯದೆ ಬರೆಯಿರಿ. ತೀರ್ಪಿಗೆ ಸಮಯ ಹಿಡಿಯುತ್ತದೆ, ಅದನ್ನೂ ಮುಚ್ಚಿಡುವುದಿಲ್ಲ. ಆದರೂ ಕೊಡಿ. ಕರಾವಳಿಯಿಂದ ಇಂಥ ದೂರುಗಳು ಹೋಗದಿದ್ದರೆ ಇಲ್ಲಿಯ ಗಾಳಿ ಎಂಥದ್ದು ಎಂದು ಅವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಇನ್ನು ಮುಟ್ಟಿದರೆ ಜುಮ್ ಅನ್ನುವ ಸಿಪಿಯು. ಇದನ್ನು ದಯವಿಟ್ಟು ಈ ವಾರವೇ ಸರಿ ಮಾಡಿಸಿ. ಅಂಗಡಿಯ ಅರ್ಥಿಂಗ್ ಸರಿ ಇಲ್ಲ ಎಂಬುದಕ್ಕೆ ಇದೇ ಗುರುತು. ಸ್ವಿಚ್ ಬೋರ್ಡಿನಲ್ಲಿ ಮೂರನೇ ತೂತು ಇರುತ್ತದೆ, ಹಿಂದೆ ವೈರೇ ಇರುವುದಿಲ್ಲ. ಆಗ ಕಂಪ್ಯೂಟರಿನ ಪವರ್ ಸಪ್ಲೈ ಒಳಗಿನ ಫಿಲ್ಟರಿನಿಂದ ಸೋರುವ ಅಲ್ಪಸ್ವಲ್ಪ ಕರೆಂಟು ಭೂಮಿಗೆ ಹೋಗಲು ದಾರಿ ಇಲ್ಲದೆ ಡಬ್ಬಿಯ ಮೈಮೇಲೆ ನಿಲ್ಲುತ್ತದೆ. ಮೀಟರ್ ಇಟ್ಟು ನೋಡಿದರೆ 230 ವೋಲ್ಟಿನ ಅರ್ಧದಷ್ಟು ತೋರಿಸುತ್ತದೆ. ವೈರಿಂಗ್‌ನವರನ್ನು ಕರೆಸಿ, ಅರ್ಥ್ ವೈರು ನೆಲಕ್ಕೆ ಇಳಿಯುವ ಗುಂಡಿಯವರೆಗೂ (ಅರ್ಥ್ ಪಿಟ್) ಪರೀಕ್ಷೆ ಮಾಡಿಸಿ. ನಮ್ಮ ಚಿರೆಕಲ್ಲಿನ ನೆಲ ಮಾರ್ಚ್, ಏಪ್ರಿಲ್‌ನಲ್ಲಿ ಗಟ್ಟಿಯಾಗಿ ಒಣಗಿ ಅರ್ಥಿಂಗ್ ಕೈಕೊಡುತ್ತದೆ. ಬೇಸಿಗೆಯಲ್ಲಿ ಆ ಗುಂಡಿಗೆ ಆಗಾಗ ನೀರು ಹಾಕಬೇಕು. ದೊಡ್ಡ ಸಿಡಿಲು ಬರುವುದೂ ಮಳೆಗಾಲ ಹಿಡಿಯುವ ಮೊದಲು ಆ ಹೊತ್ತಿಗೇ, ಅಲ್ವಾ.

ಅರ್ಥಿಂಗ್ ಇಲ್ಲದಿದ್ದರೆ ಸ್ಪೈಕ್ ಗಾರ್ಡ್, ಅಂದರೆ ವೋಲ್ಟೇಜಿನ ಹೊಡೆತ ತಡೆಯುವ ಪ್ಲಗ್ ಬೋರ್ಡು ಕೂಡ ತನ್ನ ಕೆಲಸ ಪೂರ್ತಿ ಮಾಡಲಾರದು. ಅದರೊಳಗಿನ ಬಿಲ್ಲೆಯಂಥ ಭಾಗ ಹೆಚ್ಚುವರಿ ವೋಲ್ಟೇಜನ್ನು ತಾನು ನುಂಗುತ್ತದೆ, ಪ್ರತಿ ಹೊಡೆತಕ್ಕೂ ಸ್ವಲ್ಪ ಸ್ವಲ್ಪ ಸವೆಯುತ್ತದೆ. ಅಗ್ಗದ ಎಷ್ಟೋ ಬೋರ್ಡುಗಳಲ್ಲಿ ಅದೂ ಇರುವುದಿಲ್ಲ, ಬರೀ ಸ್ವಿಚ್ಚು, ವೈರು. ಗುಡುಗು ದೂರದಲ್ಲಿ ಕೇಳಿಸುವಾಗಲೇ ಪ್ಲಗ್ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು. ತಾಮ್ರದ ತಂತಿಯ ಇಂಟರ್ನೆಟ್ ಇದ್ದರೆ ಆ ತಂತಿಯನ್ನೂ ಮೋಡೆಮ್‌ನಿಂದ ಬಿಡಿಸಿ. ಸಿದ್ದಾಪುರ, ಯಲ್ಲಾಪುರ ಕಡೆಯ ಓದುಗರು ಸುಟ್ಟ ಮೋಡೆಮ್ ಬಗ್ಗೆ ಬರೆಯುತ್ತಲೇ ಇರುತ್ತಾರೆ. ಸಿಡಿಲು ಆ ತಂತಿಯಲ್ಲೇ ಒಳಗೆ ಬರುತ್ತದೆ. ಫೈಬರ್‌ನದು ಗಾಜಿನ ಎಳೆ, ಅದರಲ್ಲಿ ಕರೆಂಟು ಹರಿಯುವುದಿಲ್ಲ. ಆದರೂ ಅದರ ಅಡಾಪ್ಟರ್ ಪ್ಲಗ್ಗಿನಲ್ಲೇ ಇದ್ದರೆ ಅದು ಸುಡಬಹುದು.

ಯುಪಿಎಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬ್ಯಾಟರಿ ಮುಗಿದಿದೆ, ಎರಡು ಮೂರು ವರ್ಷಕ್ಕೆ ಬದಲಿಸಲೇಬೇಕು. ಫೈಲ್ ಸೇವ್ ಮಾಡಿ ಆರಿಸಲು ಹತ್ತು ನಿಮಿಷ ಕೊಡುವುದಷ್ಟೇ ಅದರ ಕೆಲಸ. ಲೇಸರ್ ಪ್ರಿಂಟರನ್ನು ಅದಕ್ಕೆ ಸಿಕ್ಕಿಸಬೇಡಿ, ಅಷ್ಟು ಹೊರೆ ಅದು ತಡೆಯುವುದಿಲ್ಲ. ಸೂಪಾ, ಕೊಡಸಳ್ಳಿ, ಕದ್ರಾ, ಗೇರುಸೊಪ್ಪ, ಕೈಗಾ ಹೀಗೆ ಇಷ್ಟೆಲ್ಲ ವಿದ್ಯುತ್ ಸ್ಥಾವರಗಳಿರುವ ಜಿಲ್ಲೆಯಲ್ಲಿ ಯುಪಿಎಸ್ ಇಲ್ಲದೆ ಒಂದು ಅರ್ಜಿ ತುಂಬಲು ಆಗುವುದಿಲ್ಲ ಅಂದರೆ ಹೊಟ್ಟೆ ಉರಿಯುತ್ತದೆ.

ಪ್ರಿಂಟರಿನಲ್ಲಿ ಎರಡು ಬೇರೆ ಬೇರೆ ತೊಂದರೆ ಇದೆ. ಪೇಪರ್ ಕಚ್ಚಿಕೊಳ್ಳುವುದು ತೇವದಿಂದ. ಪೇಪರ್ ತೇವ ಹೀರಿ ಮೆತ್ತಗಾಗುತ್ತದೆ, ಎರಡು ಹಾಳೆ ಅಂಟಿಕೊಂಡೇ ಒಳಗೆ ಹೋಗುತ್ತವೆ. ಟ್ರೇಯಲ್ಲಿ ಆ ದಿನಕ್ಕೆ ಬೇಕಾದಷ್ಟೇ ಹಾಕಿ, ಉಳಿದದ್ದನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿಡಿ. ಬಣ್ಣದ ಇಂಕು ಖಾಲಿಯಾದರೆ ಸ್ಕ್ಯಾನೂ ಆಗುವುದಿಲ್ಲ ಎಂದು ಬರೆದಿದ್ದೀರಲ್ಲ, ಅದಕ್ಕೂ ಮಳೆಗೂ ಸಂಬಂಧ ಇಲ್ಲ. ಸ್ಕ್ಯಾನ್ ಮಾಡಲು ಇಂಕು ಬೇಡವೇ ಬೇಡ. ಕೆಲವು ಮಾದರಿಗಳನ್ನು ಹಾಗೆ ನಡೆಯುವಂತೆ ಬೇಕೆಂದೇ ಮಾಡಿರುತ್ತಾರೆ. ಮುಂದಿನ ಸಲ ಕೊಳ್ಳುವಾಗ ಇಂಕನ್ನು ಬಾಟಲಿಯಿಂದ ತುಂಬುವ ಪ್ರಿಂಟರ್ ನೋಡಿ. ಆದರೆ ವಾರಕ್ಕೊಮ್ಮೆಯಾದರೂ ಒಂದು ಬಣ್ಣದ ಪುಟ ತೆಗೆಯಬೇಕು, ಇಲ್ಲದಿದ್ದರೆ ಇಂಕು ಚಿಮ್ಮುವ ಹೆಡ್ ಒಣಗುತ್ತದೆ.

ಹೊಸ ಯಂತ್ರ ಯಾವುದು ಕೊಳ್ಳಲಿ ಎಂದೂ ಕೇಳಿದ್ದೀರಿ. ಅಂಗಡಿಯಲ್ಲೇ ಕೂತು ಮಾಡುವ ಕೆಲಸಕ್ಕೆ ನನ್ನ ಮತ ಡೆಸ್ಕ್‌ಟಾಪಿಗೆ. ಅದರಲ್ಲಿ ಕೆಟ್ಟ ಭಾಗವನ್ನು ಮಾತ್ರ ಬದಲಿಸಬಹುದು. ರ‍್ಯಾಮ್‌ನ ತುದಿಗೆ ಕಿಲುಬು ಹಿಡಿದರೆ ನಿಮ್ಮೂರಿನ ರಿಪೇರಿ ಹುಡುಗನೇ ತೆಗೆದು, ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಮತ್ತೆ ಕೂರಿಸುತ್ತಾನೆ, ಯಂತ್ರ ಎದ್ದು ಕೂರುತ್ತದೆ. ಈಗಿನ ತೆಳು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಒಂದು ಚಿಪ್ ಹೋದರೆ ಇಡೀ ಬೋರ್ಡು ಬದಲಿಸಿ ಅನ್ನುತ್ತಾರೆ. ಗಿರಾಕಿಗೆ ರಿಪೇರಿಯ ಹಕ್ಕು ಬೇಕು ಎಂದು ಕೇಂದ್ರ ಸರ್ಕಾರ 2022ರಲ್ಲಿ ಒಂದು ಜಾಲತಾಣ ತೆರೆದಿದೆ. ಒಳ್ಳೆಯ ಹೆಜ್ಜೆಯೇ. ಬಿಡಿಭಾಗ ಹುಬ್ಬಳ್ಳಿಯವರೆಗಾದರೂ ಬಂದು ಸಿಗುವ ತನಕ ನಮಗೆ ಅದರ ಪ್ರಯೋಜನ ಕಡಿಮೆ.

ಹಳೆಯ ಡೆಸ್ಕ್‌ಟಾಪನ್ನು ಗುಜರಿಗೆ ಹಾಕಬೇಡಿ. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ನಿಮ್ಮ ಯಂತ್ರಕ್ಕೆ ವಿಂಡೋಸ್ 11 ಹಿಡಿಸುವುದಿಲ್ಲ ಎಂದಿದ್ದೀರಿ. ಅಷ್ಟಕ್ಕೇ ಅದು ಕೆಟ್ಟದ್ದಾಗಲಿಲ್ಲ. ಇಂಟರ್ನೆಟ್ ತಂತಿ ತೆಗೆದು, ಬರೀ ಟೈಪಿಂಗ್ ಮತ್ತು ಪುಟ ಕಟ್ಟಲು ಇಟ್ಟುಕೊಳ್ಳಿ. ನುಡಿ ತಂತ್ರಾಂಶದಲ್ಲಿ ಮಾಡಿದ ನಿಮ್ಮ ಹಳೆಯ ಫೈಲುಗಳೆಲ್ಲ ಅಲ್ಲಿ ಮೊದಲಿನ ಹಾಗೇ ತೆರೆಯುತ್ತವೆ. ಮಳೆಗಾಲದಲ್ಲಿ ಕೆಲಸ ಇಲ್ಲದಿದ್ದರೂ ದಿನಕ್ಕೆ ಒಂದು ಗಂಟೆ ಚಾಲೂ ಇಡಿ, ಒಳಗೆ ಬಿಸಿಯಾಗಿ ತೇವ ಆರುತ್ತದೆ. ಚೌತಿಗೆ ನಾಲ್ಕು ದಿನ ಅಂಗಡಿ ಮುಚ್ಚುವುದಾದರೆ ಯಾರಿಗಾದರೂ ಹೇಳಿ ಹಾಕಿಸಿ.

ಹಾಳಾದ ಲ್ಯಾಪ್‌ಟಾಪಿನಲ್ಲಿ ಗಿರಾಕಿಗಳ ಫೈಲು ಇದೆ ಎಂದು ಅತ್ತಿದ್ದೀರಿ. ಬೋರ್ಡು ಹೋದ ಮಾತ್ರಕ್ಕೆ ಡಿಸ್ಕ್ ಹೋಗಿರಬೇಕೆಂದಿಲ್ಲ. ಅದು ಬಿಚ್ಚಲು ಬರುವಂಥದ್ದಾದರೆ ತೆಗೆಸಿ, ಯುಎಸ್‌ಬಿ ಕವಚಕ್ಕೆ ಹಾಕಿ ಬೇರೆ ಕಂಪ್ಯೂಟರಿಗೆ ಜೋಡಿಸಿ ನೋಡಬಹುದು. ಡಿಸ್ಕಿಗೆ ಪಾಸ್‌ವರ್ಡ್ ಬೀಗ ಇದ್ದರೆ ಅದರ ಕೀಲಿ ಸಂಖ್ಯೆ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಿಗುತ್ತದೆಯೇ ಮೊದಲೇ ನೋಡಿಕೊಳ್ಳಿ. ಆದರೆ ದೂರು ಕೊಡುವುದಿದ್ದರೆ ಈಗಲೇ ಯಂತ್ರವನ್ನು ಹೊರಗಿನವರ ಕೈಗೆ ಬಿಚ್ಚಲು ಕೊಡಬೇಡಿ, 'ನೀವೇ ಬಿಚ್ಚಿ ಕೆಡಿಸಿದ್ದೀರಿ' ಅನ್ನುತ್ತಾರೆ. ಡಿಸ್ಕ್ ತೆಗೆದುಕೊಡಿ ಎಂದು ಸರ್ವಿಸ್ ಸೆಂಟರಿಗೇ ಬರೆದು ಕೇಳಿ, ಜಾಬ್ ಶೀಟಿನಲ್ಲಿ ಅದನ್ನು ನಮೂದಿಸಿಕೊಳ್ಳಿ. ಜಾಬ್ ಶೀಟ್ ಕೈಗೆ ಬಂದ ಮೇಲೆ ಅದರ ಪ್ರತಿ ನಮಗೂ ಕಳಿಸಿ. ದೂರಿನ ಕರಡು ಬರೆಯಲು ನಮ್ಮ ಕಚೇರಿಯವರು ನಿಮ್ಮ ಜೊತೆ ಕೂರುತ್ತಾರೆ.

ಇಂತಿ,
ಸಂಪಾದಕ