ಅಮ್ಮನ ಎಪ್ಪತ್ತು, ಮಾಲಗಾದ ಕಡಲತೀರ

ಪ್ರಶ್ನೆ: ನಮ್ಮ ತಾಯಿಯವರಿಗೆ ಬರುವ ಅಕ್ಟೋಬರ್ ಕೊನೆಯ ವಾರದಲ್ಲಿ ಎಪ್ಪತ್ತು ತುಂಬುತ್ತದೆ. ಅವರು ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕಿಯಾಗಿದ್ದವರು. ಪಿಕಾಸೊ ಹುಟ್ಟಿದ ಊರನ್ನು ನೋಡಬೇಕೆಂಬ ಆಸೆಯನ್ನು ಬಹಳ ವರ್ಷಗಳಿಂದ ಹೇಳಿಕೊಂಡು ಬಂದಿದ್ದಾರೆ. ಆದ್ದರಿಂದ ಮಕ್ಕಳು, ಸೊಸೆ, ಅಳಿಯ, ಮೊಮ್ಮಕ್ಕಳೆಲ್ಲ ಸೇರಿ ಅವರನ್ನು ಸ್ಪೇನಿನ ಮಾಲಗಾಕ್ಕೆ ಐದು ದಿನಗಳ ಮಟ್ಟಿಗೆ ಕರೆದೊಯ್ಯಬೇಕೆಂದಿದ್ದೇವೆ. ಹುಟ್ಟುಹಬ್ಬದ ರಾತ್ರಿ ಕಡಲತೀರದ ಹೋಟೆಲೊಂದರಲ್ಲಿ, ಅವರಿಗೆ ಮೊದಲೇ ತಿಳಿಸದೆ, ದೊಡ್ಡ ಔತಣ ಏರ್ಪಡಿಸುವ ಯೋಚನೆಯಿದೆ. ಅಮ್ಮನಿಗೆ ಮಂಡಿನೋವಿದೆ, ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿ. ಊರಿನ ಆಯ್ಕೆ ಸರಿಯೇ? ಆ ಒಂದು ದಿನವನ್ನು ಹೇಗೆ ಹೊಂದಿಸಿಕೊಳ್ಳಬೇಕು?

ಉತ್ತರ: ಊರಿನ ಆಯ್ಕೆ ಸರಿಯಾಗಿದೆ, ರಾತ್ರಿಯ ಔತಣದ ಯೋಚನೆಯನ್ನು ಮಾತ್ರ ದಯವಿಟ್ಟು ಕೈಬಿಡಿ. ಸ್ಪೇನಿನಲ್ಲಿ ರಾತ್ರಿಯೂಟ ಒಂಬತ್ತು ಗಂಟೆಗೆ ಆರಂಭವಾಗುವುದು ವಾಡಿಕೆ, ಬಹಳಷ್ಟು ಹೋಟೆಲುಗಳ ಅಡುಗೆಮನೆ ಎಂಟೂವರೆಗೆ ಮೊದಲು ತೆರೆಯುವುದೇ ಇಲ್ಲ. ಅಷ್ಟು ಹೊತ್ತಿಗೆ ಕುಳಿತ ಪಂಕ್ತಿ ಏಳುವಾಗ ಮಧ್ಯರಾತ್ರಿಯಾಗಿರುತ್ತದೆ, ಮೊಮ್ಮಕ್ಕಳು ಕುರ್ಚಿಯಲ್ಲೇ ನಿದ್ದೆಹೋಗಿರುತ್ತಾರೆ, ಮಾತ್ರೆಯ ಹೊತ್ತು ಮೀರಿದ ಅಮ್ಮ ಮಕ್ಕಳ ಮನಸ್ಸು ನೋಯಬಾರದೆಂದು ನಗುತ್ತ ಕುಳಿತಿರುತ್ತಾರೆ. ಅಲ್ಲಿಯ ಮನೆಮಂದಿ ಕೂಡ ಹಿರಿಯರೊಂದಿಗಿನ ಇಂತಹ ಸಂಭ್ರಮಕ್ಕೆ ಮಧ್ಯಾಹ್ನದ ಊಟವನ್ನೇ ನೆಚ್ಚಿಕೊಳ್ಳುತ್ತಾರೆ. ಎರಡು ಗಂಟೆಗೆ ಕುಳಿತರೆ, ಎಲೆ ತೆಗೆದ ಮೇಲೂ ಕಾಫಿ ಹಿಡಿದು ಒಂದೆರಡು ಗಂಟೆ ಮಾತಿನಲ್ಲಿ ಕಳೆಯುವುದನ್ನು ಯಾರೂ ತಪ್ಪೆಂದು ತಿಳಿಯುವುದಿಲ್ಲ; ಅದು ಊಟದ ಒಂದು ಭಾಗವೆಂದೇ ಲೆಕ್ಕ.

ಬೆಳಕಿನ ವಿಷಯವೂ ಇದೆ. ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಐರೋಪ್ಯ ದೇಶಗಳಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಆದುದರಿಂದ ಶನಿವಾರ ಸಂಜೆ ಏಳೂವರೆಯ ಸುಮಾರಿಗೆ ಮುಳುಗಿದ ಸೂರ್ಯ, ಭಾನುವಾರ ಆರೂವರೆಗೆ ಮೊದಲೇ ಮುಳುಗಿರುತ್ತಾನೆ. ನಿಮ್ಮ ದಿನ ಆ ಭಾನುವಾರಕ್ಕೆ ಮುಂಚೆ ಬರುತ್ತದೆಯೋ ನಂತರವೋ ಎಂಬುದನ್ನು ಪಂಚಾಂಗದಲ್ಲಿ ನೋಡಿಕೊಂಡೇ ಸಮುದ್ರತೀರದ ನಡಿಗೆಯ ಹೊತ್ತನ್ನು ಗೊತ್ತುಮಾಡಿ. ಆ ವಾರದಲ್ಲಿ ಹಗಲು ಹಿತವಾಗಿರುತ್ತದೆ, ಮಧ್ಯಾಹ್ನ ಇಪ್ಪತ್ತೆರಡು ಡಿಗ್ರಿಯ ಆಸುಪಾಸು; ಆದರೆ ಮಳೆಗಾಲ ಶುರುವಾಗುವ ಸಮಯವೂ ಅದೇ ಆದುದರಿಂದ ತೆರೆದ ಜಾಗದ ಮೇಜನ್ನೇ ನಂಬಿಕೊಳ್ಳಬಾರದು.

ಇನ್ನು ಕಡಲತೀರದ ಹೋಟೆಲು. ಪೆದ್ರೆಗಾಲೆಹೊ, ಎಲ್ ಪಾಲೊ ಎಂಬ ಹಳೆಯ ಬೆಸ್ತರ ಕೇರಿಗಳಲ್ಲಿ ಮರಳಿನ ಮೇಲೆಯೇ ಸಾಲಾಗಿರುವ ಊಟದ ಅಂಗಡಿಗಳನ್ನು ಚಿರಿಂಗಿತೊ ಎನ್ನುತ್ತಾರೆ. ಮರಳು ತುಂಬಿದ ಹಳೆಯ ದೋಣಿಯಲ್ಲಿ ಸೌದೆಯ ಬೆಂಕಿ ಹಾಕಿ, ಬೈಗೆ (ಸಾರ್ಡೀನ್) ಮೀನುಗಳನ್ನು ಬಿದಿರುಕಡ್ಡಿಗೆ ಪೋಣಿಸಿ ಸುಡುವುದು ಅವುಗಳ ಹೆಗ್ಗಳಿಕೆ. ಮೀನು ತಿನ್ನುವವರಿಗೆ ಮಾಲಗಾದಲ್ಲಿ ಇದಕ್ಕಿಂತ ಒಳ್ಳೆಯ ಊಟವಿಲ್ಲ. ಆದರೆ ಹುಟ್ಟುಹಬ್ಬದವರೇ ಶುದ್ಧ ಸಸ್ಯಾಹಾರಿಯಾಗಿರುವಾಗ ಅವರನ್ನು ಆ ಹೊಗೆಯ ಎದುರು ಮೂರು ಗಂಟೆ ಕೂರಿಸುವುದು ಯಾರ ಸಂಭ್ರಮವಾದೀತು? ಊಟವನ್ನು ಹಳೆಯ ಪೇಟೆಯಲ್ಲಿಯೋ, ಬಂದರಿನ ಬದಿಯ ಮುಯೆಯೆ ಉನೊ ಎಂಬ ವಿಹಾರದ ದಂಡೆಯಲ್ಲಿಯೋ ಇಟ್ಟುಕೊಳ್ಳಿ. ಅಲ್ಲಿಂದ ದೀಪಸ್ತಂಭವನ್ನು ದಾಟಿದರೆ ಮಲಗೇತಾ ಕಡಲತೀರ ಸಿಗುತ್ತದೆ. ದಾರಿಯುದ್ದಕ್ಕೂ ಸಮತಟ್ಟಾದ ನೆಲ, ಕುಳಿತುಕೊಳ್ಳಲು ಬೆಂಚುಗಳು, ಮಂಡಿನೋವಿನವರಿಗೂ ಕಷ್ಟವಾಗದು.

ಬೆಳಗಿನ ಹೊತ್ತು ಪೂರ್ತಿಯಾಗಿ ಪಿಕಾಸೊಗೆ ಸಲ್ಲಲಿ. ಆತ ಹುಟ್ಟಿದ್ದು 1881ರ ಅಕ್ಟೋಬರ್ 25ರಂದು, ಪ್ಲಾಸಾ ದೆ ಲಾ ಮೆರ್ಸೆದ್ ಎಂಬ ಚೌಕದ ಮೂಲೆಮನೆಯಲ್ಲಿ. ಎಂದರೆ ನಿಮ್ಮ ತಾಯಿಯವರದೂ ಆತನದೂ ಒಂದೇ ವಾರ. ಆ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ. ಚಿತ್ರಕಲಾ ಶಿಕ್ಷಕಿಯೊಬ್ಬರಿಗೆ ಹೇಳಲೇಬೇಕಾದ ಸಂಗತಿ ಇನ್ನೊಂದಿದೆ: ಆತನ ತಂದೆ ಹೊಸೆ ರುಯಿಸ್ ಬ್ಲಾಸ್ಕೊ ಅದೇ ಊರಿನಲ್ಲಿ ಚಿತ್ರಕಲೆಯ ಮೇಷ್ಟರಾಗಿದ್ದವರು, ಪಾರಿವಾಳಗಳನ್ನು ಬರೆಯುವುದರಲ್ಲಿ ಆಸಕ್ತರು, ಮಗನಿಗೆ ಮೊದಲ ಪಾಠ ಹೇಳಿದವರೂ ಅವರೇ. ಮಗನ ಹೆಸರಿನ ಮುಂದೆ ಮರೆತುಹೋದ ಆ ಮೇಷ್ಟರ ಬಗ್ಗೆ ನಿಮ್ಮ ತಾಯಿಯವರು ನಿಮಗಿಂತ ಹೆಚ್ಚು ಹೊತ್ತು ಯೋಚಿಸಿದರೆ ಅವಸರಪಡಿಸಬೇಡಿ. ಅಲ್ಲಿಂದ ಕೆಲವೇ ನಿಮಿಷಗಳ ನಡಿಗೆಯಲ್ಲಿ, ಬುಯೆನಾವಿಸ್ತಾ ಅರಮನೆಯಲ್ಲಿ, 2003ರಲ್ಲಿ ತೆರೆದ ಪಿಕಾಸೊ ಮ್ಯೂಸಿಯಂ ಇದೆ. ಇದಕ್ಕೆ ಮುಂಗಡವಾಗಿ ಸಮಯ ಗೊತ್ತುಮಾಡಿ ಟಿಕೆಟ್ ತೆಗೆದುಕೊಂಡರೆ ಸರದಿಯಲ್ಲಿ ನಿಲ್ಲುವುದು ತಪ್ಪುತ್ತದೆ. ಆತನ ಪ್ರಸಿದ್ಧ ಚಿತ್ರವಾದ ಗೆರ್ನಿಕಾ ಮಾತ್ರ ಇಲ್ಲಿಲ್ಲ, ಅದು ಮ್ಯಾಡ್ರಿಡ್ಡಿನ ರೈನಾ ಸೋಫಿಯಾ ಮ್ಯೂಸಿಯಂನಲ್ಲಿದೆ. ನೀವು ಮ್ಯಾಡ್ರಿಡ್ ಮೂಲಕ ಹೋಗುವವರಾದರೆ ಅಲ್ಲಿ ಒಂದು ರಾತ್ರಿ ಉಳಿದು ಅದನ್ನು ನೋಡಿಸಿ, ಆಮೇಲೆ ವೇಗದ ರೈಲು ಹಿಡಿಯಿರಿ. ಆದರೆ ಮಂಗಳವಾರ ರೈನಾ ಸೋಫಿಯಾಕ್ಕೆ ರಜೆ ಎಂಬುದು ನೆನಪಿರಲಿ.

ಮಂಡಿಯ ಮಟ್ಟಿಗೆ ಹಳೆಯ ಪೇಟೆ ನಿರುಪದ್ರವಿ. ಮಾರ್ಕೆಸ್ ದೆ ಲಾರಿಯೊಸ್ ರಸ್ತೆಯಲ್ಲಿ ವಾಹನಗಳಿಲ್ಲ, ಏರಿಳಿತವಿಲ್ಲ. ನೆಲಕ್ಕೆ ಹಾಸಿದ ನುಣುಪುಗಲ್ಲು ಮಳೆ ಬಿದ್ದಾಗ ಜಾರುತ್ತದೆ ಎಂಬುದೊಂದೇ ಎಚ್ಚರಿಕೆ. ಹನ್ನೊಂದನೆಯ ಶತಮಾನದ ಅಲ್ಕಸಾಬಾ ಕೋಟೆಯ ಮುಖ್ಯದ್ವಾರದಿಂದ ಹೊರಟರೆ ಕಲ್ಲುಹಾಸಿನ ಏರುದಾರಿಯನ್ನೇ ಹತ್ತಬೇಕಾಗುತ್ತದೆ. ನಗರಸಭೆಯ ಕಟ್ಟಡದ ಹಿಂದಿನ ಗಿಯೆನ್ ಸೊತೆಲೊ ಬೀದಿಯಲ್ಲಿ ಮೇಲಕ್ಕೆ ಹೋಗುವ ಲಿಫ್ಟ್ ಇದೆ, ಅನೇಕರಿಗೆ ಅದು ಗೊತ್ತೇ ಇರುವುದಿಲ್ಲ. ಇನ್ನೂ ಎತ್ತರದ ಹಿಬ್ರಾಲ್ಫಾರೊ ಕೋಟೆಗೆ 35ನೆಯ ಸಂಖ್ಯೆಯ ಬಸ್ಸು ಹೋಗುತ್ತದೆ. ಅಲ್ಕಸಾಬಾದ ಬುಡದಲ್ಲಿರುವ, 1951ರಲ್ಲಿ ಬೆಳಕಿಗೆ ಬಂದ ರೋಮನ್ ರಂಗಮಂದಿರವನ್ನು ರಸ್ತೆಯಲ್ಲಿ ನಿಂತೇ ನೋಡಬಹುದು. ಇವೆಲ್ಲವೂ ಬೇರೆ ದಿನಗಳಿಗೆ. ಹುಟ್ಟುಹಬ್ಬದ ದಿನ ಮ್ಯೂಸಿಯಂ, ಊಟ, ಸಮುದ್ರ ಇಷ್ಟೇ ಸಾಕು. ಆ ದಿನವನ್ನು ಪ್ರವಾಸದ ನಡುಮಧ್ಯಕ್ಕೆ ಬರುವಂತೆ ಟಿಕೆಟ್ ಮಾಡಿಸಿದರೆ ಪ್ರಯಾಣದ ಆಯಾಸವೂ ಇಳಿದಿರುತ್ತದೆ, ಹಿಂತಿರುಗುವ ಗಡಿಬಿಡಿಯೂ ಇರುವುದಿಲ್ಲ.

ಊಟದಲ್ಲಿ ಮೋಸಹೋಗುವುದು ಹೆಸರು ನೋಡಿ ಆರಿಸಿದಾಗ. ತರಕಾರಿಯ ಪಲ್ಯವೆಂದು ತಂದಿಟ್ಟ ತಟ್ಟೆಯಲ್ಲಿ ಹಂದಿಮಾಂಸದ ಚೂರುಗಳಿರಬಹುದು, ಸಲಾಡಿನ ಮೇಲೆ ಟ್ಯೂನಾ ಮೀನು ಕುಳಿತಿರಬಹುದು. ಅವರ ಲೆಕ್ಕದಲ್ಲಿ ಅದೆಲ್ಲ ಒಗ್ಗರಣೆಯಷ್ಟೇ. ಮೇಜು ಕಾದಿರಿಸುವಾಗಲೇ ‘ಸಿನ್ ಕಾರ್ನೆ, ಸಿನ್ ಪೆಸ್ಕಾದೊ, ಸಿನ್ ಹಮೋನ್, ಸಿನ್ ಉಯೆವೊ’ ಎಂದು, ಅಂದರೆ ಮಾಂಸ, ಮೀನು, ಹಂದಿತೊಡೆ, ಮೊಟ್ಟೆ ಇಲ್ಲದೆ ಬೇಕೆಂದು ಬರೆದು ಕಳುಹಿಸಿ. ಆ ಸೀಮೆಯದೇ ಆದ ಎರಡು ತಿನಿಸುಗಳು ನಿಮ್ಮ ತಾಯಿಯವರಿಗೆ ಒಗ್ಗಬಹುದು: ಬಾದಾಮಿ, ಬೆಳ್ಳುಳ್ಳಿ, ಬ್ರೆಡ್ಡು ಅರೆದು ಮಾಡಿ ದ್ರಾಕ್ಷಿ ತೇಲಿಬಿಡುವ ಅಹೊಬ್ಲಾಂಕೊ ಎಂಬ ತಣ್ಣನೆಯ ಸಾರು, ಮತ್ತು ಕರಿದ ಬದನೆಕಾಯಿಯ ಮೇಲೆ ಕಬ್ಬಿನ ಕಾಕಂಬಿ ಸುರಿದ ಖಾದ್ಯ. ಎರಡನೆಯದನ್ನು ಹಿಟ್ಟಿನಲ್ಲಿ ಅದ್ದುವಾಗ ಮೊಟ್ಟೆ ಬಳಸುತ್ತಾರೆಯೇ ಎಂದು ಕೇಳಿಯೇ ತರಿಸಿ.

ಕೇಕಿನ ಸಮಸ್ಯೆ ಇದಕ್ಕಿಂತ ದೊಡ್ಡದು, ಏಕೆಂದರೆ ಅಲ್ಲಿಯ ಸಾಮಾನ್ಯ ಬೇಕರಿಯ ಕೇಕಿನಲ್ಲಿ ಮೊಟ್ಟೆ ಇದ್ದೇ ಇರುತ್ತದೆ. ಸಸ್ಯಜನ್ಯ ಪದಾರ್ಥಗಳಿಂದಲೇ ಮಾಡುವ ವೀಗನ್ ಬೇಕರಿಯೊಂದರಲ್ಲಿ ಕೆಲವು ದಿನ ಮುಂಚೆ ಹೇಳಿ ಮಾಡಿಸಿ, ಹೊರಗಿನ ಕೇಕು ತರಲು ಹೋಟೆಲಿನವರ ಒಪ್ಪಿಗೆ ಪಡೆಯಿರಿ. ಅದಕ್ಕೆ ಪ್ರತ್ಯೇಕ ಹಣ ಕೇಳುವವರೂ ಇದ್ದಾರೆ. ನನ್ನನ್ನು ಕೇಳಿದರೆ ಬೆಳಿಗ್ಗೆ ಚುರ್ರೊಸ್ ಅಂಗಡಿಯಲ್ಲೇ ಮೊದಲ ಸಿಹಿ ಮುಗಿಸಿಬಿಡಬಹುದು. ಹಿಟ್ಟು, ನೀರು, ಉಪ್ಪು ಕಲಸಿ ಎಣ್ಣೆಯಲ್ಲಿ ಕರಿಯುವ ಮಾಲಗಾದ ಚುರ್ರೊಸ್‌ಗೆ ಮೊಟ್ಟೆಯ ಹಂಗಿಲ್ಲ, ಜೊತೆಗೆ ಗಟ್ಟಿ ಚಾಕೊಲೇಟಿನ ಬಟ್ಟಲು ಕೊಡುತ್ತಾರೆ. 1932ರಿಂದ ನಡೆದುಬಂದಿರುವ ಕಾಸಾ ಅರಾಂದಾ ಇದಕ್ಕೆ ಹೆಸರಾದ ಅಂಗಡಿ.

ಮೊದಲೇ ತಿಳಿಸದೆ ಎಂದು ಬರೆದಿದ್ದೀರಿ. ಎಪ್ಪತ್ತರ ಹಿರಿಯರಿಗೆ ಉಡುಗೊರೆಯನ್ನು ಬಚ್ಚಿಟ್ಟು ಕೊಡಿ, ದಿನಚರಿಯನ್ನು ಬಚ್ಚಿಡಬೇಡಿ. ಎಷ್ಟು ಹೊತ್ತಿಗೆ ಎಲ್ಲಿ ಊಟ ಎಂಬುದು ಗೊತ್ತಿದ್ದರೆ ಅವರು ಮಾತ್ರೆಯನ್ನೂ ಸೀರೆಯನ್ನೂ ಅದಕ್ಕೆ ತಕ್ಕಂತೆ ಆರಿಸಿಕೊಳ್ಳುತ್ತಾರೆ.

ಗ್ರಾನಡಾದ ಅಲ್ಹಂಬ್ರಾ ಅರಮನೆಯ ಆಸೆ ನಿಮಗೆ ಬಂದೇ ಬರುತ್ತದೆ, ಬಸ್ಸಿನಲ್ಲಿ ಒಂದೂವರೆ ಗಂಟೆಗಿಂತ ತುಸು ಹೆಚ್ಚಿನ ದಾರಿ. ಟಿಕೆಟ್ ಹೆಸರಿನ ಮೇಲೆ ಇರುತ್ತದೆ, ಪಾಸ್‌ಪೋರ್ಟ್ ತೋರಿಸಬೇಕು, ಅದರ ಆವರಣದಲ್ಲಿರುವ ನಸ್ರಿದ್ ಅರಮನೆಗಳೊಳಗೆ ಗೊತ್ತಾದ ಸಮಯಕ್ಕೇ ಹೋಗಬೇಕು. ಬಹಳ ಮುಂಚೆಯೇ ಮುಗಿದುಹೋಗುವುದರಿಂದ ವಿಮಾನದ ಟಿಕೆಟ್ ಆದ ಕೂಡಲೇ ಇದನ್ನೂ ತೆಗೆದಿಡಿ. ಸ್ಪೇನಿಗೆ ಬೇಕಾದ ಶೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ದೊಡ್ಡವರಿಗೆ ಶುಲ್ಕ 90 ಯೂರೊ, ಆರರಿಂದ ಹನ್ನೊಂದು ವರ್ಷದ ಮಕ್ಕಳಿಗೆ 45 ಯೂರೊ. ಕನಿಷ್ಠ 30,000 ಯೂರೊ ವೈದ್ಯಕೀಯ ವಿಮೆ ಕಡ್ಡಾಯ. ತಾಯಿಯವರ ವಿಮೆಯಲ್ಲಿ ಮೊದಲಿನಿಂದ ಇರುವ ಕಾಯಿಲೆಗಳು ಸೇರಿವೆಯೇ ಎಂಬುದನ್ನು ಓದಿನೋಡಿ.

ಪ್ರಶ್ನೆ: ನಮ್ಮ ತಂದೆಯವರ ಅರವತ್ತನೆಯ ಹುಟ್ಟುಹಬ್ಬ ಆಗಸ್ಟ್ ನಡುವಿನಲ್ಲಿ ಬರುತ್ತದೆ. ಅವರಿಗೆ ಸಮುದ್ರಸ್ನಾನವೆಂದರೆ ಪ್ರಾಣ. ಆಗ ಮಾಲಗಾ ಹೇಗಿರುತ್ತದೆ?

ಉತ್ತರ: ಸಮುದ್ರ ಚೆನ್ನಾಗಿರುತ್ತದೆ, ಊರು ಕಿಕ್ಕಿರಿದಿರುತ್ತದೆ. 1487ರಲ್ಲಿ ಕ್ಯಾಥೊಲಿಕ್ ರಾಜದಂಪತಿಗಳಾದ ಇಸಾಬೆಲ್, ಫೆರ್ನಾಂದೊ ಮುಸ್ಲಿಂ ಆಳ್ವಿಕೆಯಿಂದ ನಗರವನ್ನು ವಶಪಡಿಸಿಕೊಂಡ ನೆನಪಿನ ಫೆರಿಯಾ ಜಾತ್ರೆ ನಡೆಯುವುದೇ ಆ ದಿನಗಳಲ್ಲಿ. ಹಗಲೆಲ್ಲ ಪೇಟೆಯ ಬೀದಿಗಳಲ್ಲಿ, ರಾತ್ರಿಯೆಲ್ಲ ಊರಹೊರಗಿನ ಮೈದಾನದಲ್ಲಿ ಹಾಡು, ಕುಣಿತ, ಕುಡಿತ ನಡೆಯುತ್ತವೆ. ತಂದೆಯವರಿಗೆ ಗದ್ದಲ ಇಷ್ಟವಾದರೆ ಇಡೀ ಊರೇ ಅವರ ಹುಟ್ಟುಹಬ್ಬ ಮಾಡಿದಂತಿರುತ್ತದೆ. ಇಷ್ಟವಿಲ್ಲವಾದರೆ ಸೆಪ್ಟೆಂಬರ್ ನಡುವಿಗೆ ಪ್ರವಾಸವನ್ನು ಮುಂದೂಡಿ, ನೀರು ಆಗಲೂ ಬೆಚ್ಚಗಿರುತ್ತದೆ. ಬೇಸಿಗೆಯಲ್ಲಿ ಒಳನಾಡಿನಿಂದ ತೆರ್ರಾಲ್ ಎಂಬ ಒಣಗಾಳಿ ಬೀಸಿದ ದಿನ ಬಿಸಿಲು ನಲವತ್ತು ಡಿಗ್ರಿ ಮುಟ್ಟುವುದುಂಟು, ಆಗ ಮಧ್ಯಾಹ್ನ ಹೊರಗೆ ತಿರುಗಬೇಡಿ. ಬೈಗೆ ಮೀನಿಗೆ ಮಾತ್ರ ಮೇಯಿಂದ ಆಗಸ್ಟ್‌ವರೆಗಿನ ಕಾಲವೇ ಶ್ರೇಷ್ಠ.

ಪ್ರಶ್ನೆ: ನಲವತ್ತು ತುಂಬುವ ಸಂತೋಷಕ್ಕೆ ಗೆಳತಿಯರೊಂದಿಗೆ ಮಾಲಗಾದಲ್ಲಿ ಮನೆಯೊಂದನ್ನು ಬಾಡಿಗೆಗೆ ಹಿಡಿದು ಆಚರಿಸಬೇಕೆಂದಿದ್ದೇನೆ. ಅಲ್ಲಿಯ ರೀತಿನೀತಿಗಳೇನು?

ಉತ್ತರ: ಸ್ಪೇನಿನ ವಾಡಿಕೆಯಂತೆ ಹುಟ್ಟುಹಬ್ಬದವರೇ ಎಲ್ಲರ ಊಟದ ಹಣ ಕೊಡಬೇಕು, ಮೇಲಾಗಿ ತುಂಬಿದ ವರ್ಷಗಳಷ್ಟು ಸಲ ಗೆಳೆಯರಿಂದ ಕಿವಿ ಎಳೆಸಿಕೊಳ್ಳಬೇಕು, ನಲವತ್ತಕ್ಕೆ ಅದು ಸ್ವಲ್ಪ ಹೆಚ್ಚೇ. ದೊಡ್ಡ ಗುಂಪಿಗೆ ಹೋಟೆಲಿನವರು ಗೊತ್ತಾದ ಊಟದ ಪಟ್ಟಿಯನ್ನೂ ಮುಂಗಡ ಹಣವನ್ನೂ ಕೇಳುವುದು ಸಹಜ. ಟಿಪ್ಸ್ ಕಡ್ಡಾಯವಲ್ಲ, ನಲ್ಲಿಯ ನೀರನ್ನು ಕೇಳಿದರೆ ಉಚಿತವಾಗಿ ಕೊಡಬೇಕೆಂದು 2022ರ ಕಾನೂನಿದೆ.

ಬಾಡಿಗೆ ಮನೆಯ ಬಗ್ಗೆ ನನಗೆ ತುಸು ಹಿಂಜರಿಕೆಯಿದೆ. ಪ್ರವಾಸಿಗರ ಮನೆಗಳು ಹೆಚ್ಚಿ ಊರಿನವರಿಗೇ ಬಾಡಿಗೆ ಎಟುಕದಂತಾಗಿದೆ ಎಂದು 2024ರ ಜೂನ್‌ನಲ್ಲಿ ಮಾಲಗಾದ ಜನ ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದಿದ್ದರು. ಅಂತಹ ಕಟ್ಟಡದ ಮೂರನೆಯ ಮಹಡಿಯಲ್ಲಿ, ಮರುದಿನ ಕೆಲಸಕ್ಕೆ ಹೋಗಬೇಕಾದವರ ಗೋಡೆಗೆ ಅಂಟಿಕೊಂಡು, ನಡುರಾತ್ರಿಯಲ್ಲಿ ಸಂಗೀತ ಹಾಕಿದರೆ ಪೊಲೀಸರು ಬರುವುದೂ ದಂಡ ಬೀಳುವುದೂ ಆಶ್ಚರ್ಯವಲ್ಲ. ಹೋಟೆಲಿನಲ್ಲಿ ಉಳಿಯಿರಿ, ಮನೆಯೇ ಬೇಕೆಂದರೆ ಜಾಹೀರಾತಿನಲ್ಲಿ ಅಧಿಕೃತ ನೋಂದಣಿ ಸಂಖ್ಯೆ ಇರುವುದನ್ನು ಮಾತ್ರ ಹಿಡಿಯಿರಿ, ಪಾರ್ಟಿಯನ್ನು ಹೊರಗೆ ಮುಗಿಸಿ ಮಲಗುವುದಕ್ಕಷ್ಟೇ ಅಲ್ಲಿಗೆ ಹೋಗಿ.