ಕುಬಸದ ಮೊದಲೋ, ಆಮೇಲೋ?

ಪ್ರಶ್ನೆ: ಡಾಕ್ಟರ್ ಬಾಯಿ, ನನಗೆ ಆರು ತಿಂಗಳು ತುಂಬಿ ಏಳು ನಡೆದಿದೆ. ಕಲಬುರಗಿಗೆ ತೋರಿಸಲು ಬಂದಾಗ ಫ್ಲೂ ಸೂಜಿ ಹಾಕಿಸಿಕೊಳ್ಳಿ ಅಂದರು. ‘ಟಿಟಿ ಆಗ್ಯಾದಲ್ಲ, ಮತ್ಯಾಕ? ಕುಬಸ (ಸೀಮಂತ) ಮುಗೀಲಿ’ ಅಂತಾರೆ ಅತ್ತೆ. 2021ರಲ್ಲಿ ಮೊದಲನೇ ಬಸಿರಲ್ಲಿ ನನಗೆ ಕೊರೊನಾ ಆಗಿತ್ತು. ಈ ಸೂಜಿಯಿಂದ ಅದೂ ತಪ್ಪುತ್ತದೆಯೇ? ಇದರಲ್ಲಿ ತತ್ತಿ ಇರುತ್ತದಂತೆ, ನಮ್ಮ ಮನೆಯಲ್ಲಿ ತತ್ತಿ ನಡೆಯೋದಿಲ್ಲ.
– ಓದುಗಾರ್ತಿ, ಆಳಂದ ತಾಲ್ಲೂಕು

ಉತ್ತರ: ತಂಗಿ, ಕುಬಸದ ಮೊದಲೇ ಹಾಕಿಸಿಕೋ. ಅವತ್ತು ಓಣಿಯ ಹೆಣ್ಣುಮಕ್ಕಳೆಲ್ಲ ಬಂದು ಉಡಿ ತುಂಬುತ್ತಾರೆ, ಗಲ್ಲ ಸವರುತ್ತಾರೆ. ಯಾರಿಗೆ ನೆಗಡಿ, ಯಾರಿಗೆ ಕೆಮ್ಮು ಎಂದು ಕೇಳುತ್ತ ಕೂಡೋಕಾಗುತ್ತದೆಯೇ? ಸೂಜಿ ಚುಚ್ಚಿದ ಮೇಲೆ ಮೈಯಲ್ಲಿ ಕಾಪು ಬೆಳೆಯಲು ಎರಡು ವಾರ ಹಿಡಿಯುತ್ತದೆ. ಕುಬಸದ ತಾರೀಖಿನಿಂದ ಹಿಂದಕ್ಕೆ ಎಣಿಸಿ ನೋಡು.

ನೀವು ಇನ್ನೂ ಟಿಟಿ ಅನ್ನುವುದು ಈಗ ಟಿಡಿ ಆಗಿದೆ. ಅದು ಧನುರ್ವಾಯು, ಗಂಟಲಮಾರಿಗೆ. ಫ್ಲೂಗೂ ಅದಕ್ಕೂ ಸಂಬಂಧವಿಲ್ಲ. ಟಿಡಿ ಪುಕ್ಕಟೆ ಸಿಗುತ್ತದೆ, ಇದಕ್ಕೆ ದುಡ್ಡು ಬೀಳುತ್ತದೆ. ಅತ್ತೆಯವರ ಅರ್ಧ ತಕರಾರು ಅಲ್ಲೇ ಇದ್ದೀತು. ನಾನೂ ಎಷ್ಟೋ ವರ್ಷ ತಾಯಿ ಕಾರ್ಡಿನಲ್ಲಿ ಟಿಟಿ ಬರೆದು ಸುಮ್ಮನಾದವಳೇ. 2009ರ ಎಚ್‌1ಎನ್‌1 ಫ್ಲೂ (ಹಂದಿಜ್ವರ) ಹಾವಳಿಯ ಹೊತ್ತಿಗೆ ಎಂಟು ತಿಂಗಳ ಬಸುರಿಯೊಬ್ಬಳು ಬೆಳಿಗ್ಗೆ ‘ಬರೇ ನೆಗಡಿ ಬಾಯಿ’ ಎಂದವಳು, ಸಂಜೆಗೆ ತನ್ನ ಊರಿನ ಹೆಸರು ಹೇಳಲು ಎರಡು ಸಲ ಉಸಿರು ಎಳೆದುಕೊಂಡಳು. ಬಸುರಿಯ ಹೃದಯ, ಪುಪ್ಪುಸ ಮೊದಲೇ ಇಬ್ಬರ ಕೆಲಸ ಮಾಡುತ್ತಿರುತ್ತವೆ. ಫ್ಲೂ ನ್ಯುಮೋನಿಯಾಕ್ಕೆ ತಿರುಗಿದರೆ ತಡೆದುಕೊಳ್ಳುವುದು ಕಷ್ಟ. ಅವತ್ತಿನಿಂದ ನನ್ನ ಬಾಯಿ ತೆರೆಯಿತು.

ಯಾವ ತಿಂಗಳಲ್ಲಾದರೂ ಕೊಡಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇಲ್ಲಿ ನಾವು ಹೆಚ್ಚಾಗಿ 26 ವಾರದ ಮೇಲೆ ಕೊಡುತ್ತೇವೆ, ನಿನಗೆ ಸರಿಯಾದ ಹೊತ್ತು. ರಟ್ಟೆಗೆ ಚುಚ್ಚುವ ಲಸಿಕೆಯಲ್ಲಿ ಜೀವಂತ ವೈರಸ್ ಇರುವುದಿಲ್ಲ, ಅದರಿಂದ ಫ್ಲೂ ಬರದು. ಮೂಗಿಗೆ ಬಿಡುವ ಜೀವಂತ ಲಸಿಕೆ ಮಾತ್ರ ಬಸುರಿಗೆ ಬೇಡ. ಆರು ತಿಂಗಳು ತುಂಬುವ ತನಕ ಕೂಸಿಗೆ ಈ ಲಸಿಕೆ ಹಾಕಲು ಬರುವುದಿಲ್ಲ. ಅಲ್ಲಿಯವರೆಗೆ ಹೊಟ್ಟೆಯಲ್ಲಿದ್ದಾಗ ನಿನ್ನಿಂದ ಬಂದದ್ದೇ ಅದಕ್ಕೆ ಕಾವಲು.

ತತ್ತಿಯ ಮಾತು ಸುಳ್ಳಲ್ಲ. ಹೆಚ್ಚಿನ ಫ್ಲೂ ಲಸಿಕೆಗಳ ವೈರಸ್ಸನ್ನು ಕೋಳಿ ತತ್ತಿಯಲ್ಲೇ ಬೆಳೆಸುತ್ತಾರೆ. ಶುದ್ಧ ಮಾಡಿದ ಮೇಲೂ ಲೇಶಮಾತ್ರ ಉಳಿದಿರಬಹುದು. ನಮ್ಮವ್ವ ತತ್ತಿಯ ಚೀಲವನ್ನೂ ಹೊಸ್ತಿಲು ದಾಟಿಸದವಳು, ಆದರೆ ವರ್ಷಾ ವರ್ಷ ನನ್ನ ಕೈಯಲ್ಲೇ ಹಾಕಿಸಿಕೊಳ್ಳುತ್ತಾಳೆ. ‘ಬಾಯಾಗ ಹಾಕ್ಕೊಂಡಿಲ್ಲಲ್ಲ’ ಅನ್ನೋದು ಅವಳ ವಾದ. ನಿನ್ನ ತೀರ್ಮಾನ ನಿನಗೆ ಬಿಟ್ಟದ್ದು.

ಇನ್ನು ಕೊರೊನಾ. ಫ್ಲೂ ಸೂಜಿ ಅದನ್ನು ತಡೆಯುವುದಿಲ್ಲ, ಎರಡೂ ಬೇರೆ ವೈರಸ್. ದೇಶದ ಮೊದಲ ಕೊರೊನಾ ಸಾವು 2020ರ ಮಾರ್ಚ್ 10ರಂದು ನಮ್ಮ ಕಲಬುರಗಿಯವರದ್ದೇ. ಆ ಹೆದರಿಕೆ ಇನ್ನೂ ನಮ್ಮೊಳಗಿದೆ. ಗರ್ಭಿಣಿಯರಿಗೆ ಕೊರೊನಾ ಲಸಿಕೆಗೆ ಕೇಂದ್ರ ಒಪ್ಪಿದ್ದು 2021ರ ಜುಲೈ 2ಕ್ಕೆ. ಎರಡನೇ ಅಲೆಯ ಏಪ್ರಿಲ್, ಮೇನಲ್ಲಿ ನಿಮ್ಮಂಥವರ ಕೈಗೆ ಕೊಡಲು ನಮ್ಮಲ್ಲಿ ಏನೂ ಇರಲಿಲ್ಲ. ಒಮ್ಮೆ ಬಂದು ಹೋಯಿತೆಂದು ಇನ್ನು ಬರದು ಅಂದುಕೊಳ್ಳಬೇಡ. ಬಸಿರಲ್ಲಿ ಜೋರಾದರೆ ದಿನ ತುಂಬುವ ಮೊದಲೇ ಹೆರಿಗೆ, ಬಿಪಿ ಏರುವ ಅಪಾಯ ಹೆಚ್ಚು. ನೀನು ಆ ಲಸಿಕೆ ಎಷ್ಟು ಹಾಕಿಸಿಕೊಂಡಿದ್ದೀ ಎಂದು ಬರೆದಿಲ್ಲ, ನಿನ್ನ ಡಾಕ್ಟರಿಗೆ ಹೇಳು.

ಜ್ವರ ಬಂದರೆ ಪ್ಯಾರಾಸಿಟಮಾಲ್ ತೆಗೆದುಕೊಂಡು ಅದೇ ದಿನ ತೋರಿಸು. ಡಾಕ್ಟರು ಬರೆದುಕೊಡುವ ಫ್ಲೂ ಗುಳಿಗೆ ಮೊದಲ 48 ಗಂಟೆಯಲ್ಲೇ ಶುರು ಮಾಡಿದರೆ ಚೆನ್ನಾಗಿ ಕೆಲಸ ಮಾಡುತ್ತದೆ. ದಮ್ಮು ಹತ್ತಿದರೆ, ಆಮ್ಲಜನಕ ಅಳೆಯುವ ಬೆರಳಿನ ಮೀಟರು 95ಕ್ಕಿಂತ ಕೆಳಗೆ ತೋರಿಸಿದರೆ, ಕೂಸಿನ ಮಿಸುಕಾಟ ಕಡಿಮೆಯಾದರೆ ಬಸ್ಸಿಗೆ ಕಾಯಬೇಡ, 108ಕ್ಕೆ ಫೋನ್ ಮಾಡು. ಹೆರಿಗೆಯ ನಂತರ ಕೊರೊನಾ ಬಂದರೂ ಮಾಸ್ಕ್ ಹಾಕಿ, ಕೈ ತೊಳೆದು ಹಾಲು ಕುಡಿಸಬಹುದು.

ಹಾಂ, ದೊಡ್ಡ ಮಗುವಿಗೂ ಫ್ಲೂ ಲಸಿಕೆ ಹಾಕಿಸು. ಶಾಲೆಯಿಂದ ನೆಗಡಿ ಹೊತ್ತು ತರೋದು ಅದೇ.